ಚಹಾ ಹೂಜಿಯ ತಳದಲ್ಲಿದ್ದ ಇರುವೆ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮನಿಗೆ,

ಮೊನ್ನೆ ಶುಕ್ರವಾರ ಸಂಜೆ ನಮ್ಮೂರ ವಸ್ತುಸಂಗ್ರಹಾಲಯದಲ್ಲಿ, ಊರ ಗಣ್ಯರೆಲ್ಲ ಸೇರಿದ್ದಾಗ, ಅಮ್ಮ ಕೈಯಾರೆ ಬಣ್ಣ ಬರೆದ ಚಹಾ ಹೂಜಿಯನ್ನು ಇನ್ನೂರು ವರ್ಷ ಹಳೆಯದೆಂದು ಸಾರಿದರು. ಅಮ್ಮ ಎದುರಿಗೇ ನಿಂತಿದ್ದಳು. ಇದನ್ನು ಹೇಳದೆ ನಿನ್ನ ಕ್ಷೇಮ ಕೇಳಲು ಪೆನ್ನು ಓಡಲಿಲ್ಲ. ಈಗ ಕೇಳುತ್ತೇನೆ, ಮಂಡಿನೋವು ಹೇಗಿದೆ? ಆ ನೋವಿನಿಂದಲೇ ನಿನಗೆ ಬರಲಾಗಲಿಲ್ಲವೆಂದು ವೇದಿಕೆಯ ಮೇಲೆ ಹೇಳಿದರು. ಅಮ್ಮನ ಕೆಮ್ಮು ಇಳಿದಿದೆ, ಊಟ ಮಾತ್ರ ಸೇರುತ್ತಿಲ್ಲ.

ಹೂಜಿಯನ್ನು ಗಾಜಿನ ಪೆಟ್ಟಿಗೆಯೊಳಗೆ, ತಳವೂ ಕಾಣಲಿ ಎಂದು ಕನ್ನಡಿಗಿಂತ ತುಸು ಎತ್ತರದಲ್ಲಿ, ತಂತಿಯ ಕಾಲುಗಳ ಮೇಲೆ ಕೂರಿಸಿದ್ದಾರೆ. ಪಕ್ಕದಲ್ಲಿ ಹಿತ್ತಾಳೆಯ ಫಲಕ: ಕಲಾವಿದ ಯಾರೆಂದು ತಿಳಿದಿಲ್ಲ. ಕೆಳಗೆ ಕೊಡುಗೆ ಎಂದು ನಿನ್ನ ಹೆಸರು. ನೀನು ಕಳಿಸಿದ ಭಾಷಣವನ್ನು ಅಲ್ಲಿನ ಮುಖ್ಯಸ್ಥರು ಓದಿದರು. ನಮ್ಮ ಮುತ್ತಜ್ಜ ಹಡಗಿನಲ್ಲಿ ಜೋಪಾನವಾಗಿ ತಂದ ಹೂಜಿಯಂತೆ. ನಾನು ಕೇಳಿದ ಮಟ್ಟಿಗೆ ಮುತ್ತಜ್ಜ ಪಕ್ಕದ ಹೊಳೆ ದಾಟುವುದಕ್ಕೂ ಹೆದರುತ್ತಿದ್ದವರು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಕೈಗವಸು ತೊಟ್ಟ ತಜ್ಞರೊಬ್ಬರು ಕಾಲನಿರ್ಣಯ ಮಾಡಿದ ಬಗೆಯನ್ನು ವಿವರಿಸಿದರು. ಮೈತುಂಬ ಹಬ್ಬಿದ ಕೂದಲೆಳೆಯ ಬಿರುಕುಗಳು, ಅವುಗಳೊಳಗೆ ಇಳಿದ ಕಂದುಬಣ್ಣ, ಇವು ಎರಡು ಶತಮಾನ ಕಳೆಯದೆ ಬರುವುದಿಲ್ಲವಂತೆ. ಅವು ಒಂದೇ ಮಧ್ಯಾಹ್ನ ಬಂದವು ಕಣೋ. ನೀನು ಖಾಲಿ ಹೂಜಿಯನ್ನು ಒಲೆಯ ಮೇಲಿಟ್ಟು ಆಟಕ್ಕೆ ಓಡಿದ್ದೆ, ವಾಪಸು ಬಂದವನು ಗಾಬರಿಯಲ್ಲಿ ತಣ್ಣೀರು ಸುರಿದೆ. ಕಂದುಬಣ್ಣ ಆಮೇಲೆ ನಾವೆಲ್ಲ ಕುಡಿದ ಚಹಾದ್ದು. ಇನ್ನು ಆ ಬಳ್ಳಿ. ಎಲ್ಲ ಹೂಜಿಗಳಲ್ಲೂ ಬಳ್ಳಿ ಬಲಕ್ಕೆ ಹಬ್ಬಿದರೆ ಇದರಲ್ಲಿ ಎಡಕ್ಕೆ ಹಬ್ಬಿದೆ, ಇದು ಯಾವುದೋ ಕಣ್ಮರೆಯಾದ ಪಂಥದ ಶೈಲಿ ಎಂದರು. ಕಣ್ಮರೆಯಾದ ಪಂಥ ಅಲ್ಲೇ ನನ್ನ ಪಕ್ಕದಲ್ಲಿ ಊರುಗೋಲು ಹಿಡಿದು ನಿಂತಿತ್ತು. ಪಿಂಗಾಣಿ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಮಿಕ್ಕವರೆಲ್ಲ ಎಡಗೈಯಿಂದ ತಿರುಗುಮಣೆ ತಿರುಗಿಸಿ ಬಲಗೈಯಲ್ಲಿ ಕುಂಚ ಹಿಡಿಯುತ್ತಿದ್ದರು. ಅಮ್ಮ ಎಡಚಿ. ಅವಳ ಮಣೆ ಉಲ್ಟಾ ತಿರುಗುತ್ತಿತ್ತು, ಬಳ್ಳಿಯೂ ಹಾಗೇ ಹಬ್ಬುತ್ತಿತ್ತು. ಮೂತಿ ಸೊಟ್ಟಗಿದೆಯೆಂದು ಮೂಲೆಗೆ ಎಸೆದಿದ್ದ ಹೂಜಿಯನ್ನು ಕೇಳಿ ತಂದು, ಊಟದ ಬಿಡುವಿನಲ್ಲಿ ಬರೆದು, ಬೇರೆಯವರ ಮಾಲಿನ ಸಂದಿಯಲ್ಲಿಟ್ಟು ಭಟ್ಟಿಯಲ್ಲಿ ಸುಡಿಸಿ ಮನೆಗೆ ತಂದದ್ದು ಅದು. ಹಾಳಾದ ಮಾಲು ಯಾರದೆಂದು ತಿಳಿಯಲಿ ಎಂದು ಪ್ರತಿ ಬಣ್ಣಗಾರರೂ ತಳದಲ್ಲಿ ಒಂದೊಂದು ಗುರುತು ಹಾಕಬೇಕಿತ್ತು. ಅಮ್ಮನದು ನೀಲಿ ಇರುವೆ. ಹಾಲು ಕುಡಿಯುವುದಿಲ್ಲವೆಂದು ಹಟ ಮಾಡಿದಾಗಲೆಲ್ಲ ಹೂಜಿ ಬೋರಲು ಹಾಕಿ ಅದನ್ನು ತೋರಿಸಿದರೇನೇ ನೀನು ಬಾಯಿ ತೆರೆಯುತ್ತಿದ್ದದ್ದು.

ಅಮ್ಮ ಗಾಜಿನ ಮೇಲೆ ಕೈಯಿಟ್ಟಳು. ಕಾವಲಿನ ಹುಡುಗಿ ಬಂದು, "ಅಜ್ಜಿ, ಸ್ವಲ್ಪ ದೂರ ನಿಂತ್ಕೊಳ್ಳಿ, ಬೆರಳಿನ ಗುರುತು ಬೀಳುತ್ತೆ" ಎಂದಳು. ಅಮ್ಮ, "ಅದರ ಮೇಲಿರೋದೆಲ್ಲ ನನ್ನ ಬೆರಳೇ ಕಣಮ್ಮ" ಎಂದಳು. ಹುಡುಗಿ ನಕ್ಕಳು. ವಯಸ್ಸಾದವರು ಏನೇನೋ ಹೇಳುತ್ತಾರೆ ಎನ್ನುವ ನಗು ಅದು. ಅದನ್ನು ನಾನು ಮರೆಯುವುದಿಲ್ಲ. ದಾರಿಯಲ್ಲಿ ಅಮ್ಮ ಆಡಿದ್ದು ಒಂದೇ ಮಾತು: "ಇನ್ನೂರು ವರ್ಷನಂತೆ. ನನಗೆ ಅಷ್ಟೊಂದು ವಯಸ್ಸಾಗಿದೆ ಅಂತ ಗೊತ್ತೇ ಇರ್ಲಿಲ್ಲ." ಮನೆಗೆ ಬಂದವಳೇ ಗೋಡೆಯ ಕಡೆ ತಿರುಗಿ ಮಲಗಿದಳು.

ನನ್ನ ನೆನಪು ಗಟ್ಟಿ, ಅದು ನಿನಗೂ ಗೊತ್ತು. ಶಾಲೆಯಲ್ಲಿ ನೀನು ಅಮ್ಮ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ ಎನ್ನುತ್ತಿದ್ದೆ. ಉಗುರಲ್ಲಿ ಬಣ್ಣ ಕೂತಿದ್ದ ಅವಳು ಬುತ್ತಿ ಕೊಡಲು ಬಂದಾಗ, ಮನೆಗೆಲಸದವಳು ಎಂದು ಗೆಳೆಯರಿಗೆ ಹೇಳಿದ್ದೆ. ಅಮ್ಮ ಅದನ್ನು ಕೇಳಿಸಿಕೊಂಡೂ, "ಚಿಕ್ಕವನು, ಬಿಡೇ" ಎಂದಿದ್ದಳು. ಈಗ ನೀನು ಚಿಕ್ಕವನಲ್ಲ. ಹಳೆಯ ಮನೆತನದವನು ಅನ್ನಿಸಿಕೊಳ್ಳುವ ಆಸೆಗೆ ಹೆತ್ತವಳ ಕೆಲಸವನ್ನೇ ಇಲ್ಲದ ಹಡಗಿಗೆ ಹತ್ತಿಸಿದೆಯಲ್ಲ, ಇದಕ್ಕಿಂತ ಅಸಹ್ಯ ಏನಿದೆ? ತಜ್ಞರು ಮೊದಲು ಮೋಸಹೋದರೋ ನೀನು ಮೊದಲು ಸುಳ್ಳು ಹೇಳಿದೆಯೋ ಎಂದು ಎರಡು ದಿನ ಯೋಚಿಸಿದೆ. ಅಕ್ಕನಾದ ತಪ್ಪಿಗೆ, ಸಂಶಯದ ಲಾಭವನ್ನು ನಿನಗೇ ಕೊಡಲು ಹೆಣಗಿದೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು, ಮೆಟ್ಟಿಲು ಹತ್ತಬೇಡ. ನಿನ್ನ ಹೆಂಡತಿಗೆ, ಮಗಳಿಗೆ ನನ್ನ ಪ್ರೀತಿ. ಅಮ್ಮ ಎಂದಿನಂತೆ ನಿನಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದಾಳೆ. ಅದು ಅವಳ ಮಾತು, ಹಾಗಾಗಿ ಬರೆದಿದ್ದೇನೆ.

ನಿನ್ನ
ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮುಂಚೆ ಈಗಷ್ಟೇ ಮತ್ತೊಮ್ಮೆ ಹೋಗಿ ನೋಡಿಬಂದೆ. ಮೊನ್ನೆ ಜನಜಂಗುಳಿಯಲ್ಲಿ ಬಗ್ಗಿ ಕನ್ನಡಿ ನೋಡಲು ಆಗಿರಲಿಲ್ಲ. ಇರುವೆ ಇಲ್ಲ. ಅದು ಇದ್ದ ಕಡೆ ಹೆಬ್ಬೆರಳಷ್ಟು ಜಾಗ ಬೆಳ್ಳಗೆ, ಒರಟಾಗಿದೆ. ಹಿಂದೆ ಮರಳಿನ ಮೇಲಿಟ್ಟು ಸುಡುತ್ತಿದ್ದರು, ಆ ಒರಟೇ ಹಳೆಯದೆನ್ನಲು ದೊಡ್ಡ ಸಾಕ್ಷಿ ಎಂದು ಅಲ್ಲೇ ಇದ್ದ ಆ ತಜ್ಞರು ಬೆರಳು ಮಾಡಿ ತೋರಿಸಿದರು. ಇಲ್ಲಿಗೆ ಬಂದಾಗಲೇ ಹೀಗಿತ್ತಾ ಎಂದು ಕೇಳಿದೆ. ಹೌದೆಂದರು. ಗಾಜಿನಂಥ ಮೆರುಗಿನ ಅಡಿಯಲ್ಲಿದ್ದ ಗುರುತು ತಾನಾಗಿ ಹೋಗುವುದಿಲ್ಲ, ಸಾಣೆಕಲ್ಲಿಗೆ ಹಿಡಿದು ತಿಕ್ಕಬೇಕು. ಹೂಜಿ ನಮ್ಮ ಮನೆ ಬಿಟ್ಟ ಮೇಲೆ ಇದ್ದದ್ದು ನಿನ್ನ ಬಳಿ. ನನಗೆ ಉತ್ತರ ಬರೆಯಬೇಡ, ಅಮ್ಮನಿಗೆ ಫೋನೂ ಮಾಡಬೇಡ, ಅವಳು ಕ್ಷಮಿಸಿಬಿಡುತ್ತಾಳೆ. ಮುಂದಿನ ಭಾನುವಾರ ವಸ್ತುಸಂಗ್ರಹಾಲಯದ ಅದೇ ಸಭಾಂಗಣದಲ್ಲಿ ಸಾರ್ವಜನಿಕರ ಸಭೆಯಿದೆ. ಅಮ್ಮನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತೇನೆ. ಕುಂಟಿಕೊಂಡಾದರೂ ಬಾ. ಆ ಇರುವೆಯನ್ನು ಉಜ್ಜಿದ ಕೈ ಯಾರದೆಂದು, ಚಪ್ಪಾಳೆ ತಟ್ಟಿದ ಅದೇ ಜನರೆದುರು, ಮೈಕಿನಲ್ಲಿ ಹೇಳು.