ಮೆನ್ಲೋ ಪಾರ್ಕಿನಲ್ಲಿ ನಿಲ್ಲದ ರೈಲು

ಮೆನ್ಲೋ ಪಾರ್ಕ್, ಕ್ಯಾಲಿಫೋರ್ನಿಯಾ
೧೮ ಅಕ್ಟೋಬರ್ ೧೯೮೬, ಶನಿವಾರ

ಪೂಜ್ಯರಿಗೆ ಸತ್ಯವತಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಈಗ ಹೇಗಿದೆ? ದಸರೆಯಲ್ಲಿ ಯಾರಾದರೂ ಮನೆಗೆ ಬಂದುಹೋದರೋ, ನೀವೊಬ್ಬರೇ ರೇಡಿಯೋ ಹಾಕಿಕೊಂಡು ಕುಳಿತಿದ್ದಿರೋ ಎಂದು ಇಲ್ಲಿಂದಲೇ ಯೋಚಿಸುತ್ತಿದ್ದೆ. ಮರಿತಾಯಮ್ಮ ಹೊತ್ತಿಗೆ ಸರಿಯಾಗಿ ಬಂದು ಕಸ ಮುಸುರೆ ಮುಗಿಸಿ ಹೋಗುತ್ತಿದ್ದಾಳೆ ತಾನೆ? ಸಾರಿನ ಪುಡಿ ಮುಗಿದಿದ್ದರೆ ಅಡಿಗೆಮನೆಯ ಮೇಲುಗೂಡಿನಲ್ಲಿ ಇನ್ನೊಂದು ಡಬ್ಬ ಇದೆ. ಕುರ್ಚಿ ಹತ್ತಿ ತೆಗೆಯಬೇಡಿ, ಅವಳ ಕೈಲಿ ತೆಗೆಸಿ. ಇಲ್ಲಿ ಎಲ್ಲರೂ ಕ್ಷೇಮ. ಪದ್ಮಜ ಚೇತರಿಸಿಕೊಂಡಿದ್ದಾಳೆ. ಕೂಸಿನ ಕೆನ್ನೆ ತುಂಬಿಕೊಂಡಿದೆ, ಮೂಗು ಮಾತ್ರ ನಿಮ್ಮದೇ, ಹೆಣ್ಣುಮಗುವಿಗೆ ಅದು ಬೇಡವಾಗಿತ್ತು ಎಂದು ಎಣ್ಣೆ ಹಚ್ಚುವಾಗಲೆಲ್ಲ ಎಳೆಯುತ್ತಿದ್ದೇನೆ. ನನಗೆ ನಿವೃತ್ತಿಯಾಯಿತು, ನಿಮಗೆ ಇನ್ನೂ ಒಂದು ವರ್ಷದ ಸರ್ವಿಸು ಉಳಿಯಿತು. ನೀವೂ ಜೊತೆಗೆ ಬಂದಿದ್ದರೆ ಈಗ ಬರೆಯುವ ವಿಷಯ ನಡೆಯುತ್ತಿರಲಿಲ್ಲವೇನೋ. ನಡೆದಿದ್ದರೂ ನಿಮ್ಮ ಕಿವಿಯಲ್ಲಿ ಹೇಳಿ ಹಗುರಾಗುತ್ತಿದ್ದೆ.

ಹೋದ ವಾರಕ್ಕಿಂತ ಹಿಂದಿನ ಬುಧವಾರ ಅಳಿಯಂದಿರು ಅರ್ಧ ದಿನ ರಜೆ ಹಾಕಿ ನನಗೆ ಸಾನ್ ಫ್ರಾನ್ಸಿಸ್ಕೋ ತೋರಿಸಿದರು. ಅವರ ಆಫೀಸು ಅಲ್ಲೇ. ಕಾರನ್ನು ಪದ್ಮಜಳಿಗೆ ಬಿಟ್ಟು ದಿನಾ ರೈಲಿನಲ್ಲಿ ಹೋಗಿಬರುತ್ತಾರೆ. ಈ ರೈಲು ಆಫೀಸಿನವರಿಗೆಂದೇ ಇರುವಂಥದ್ದು. ಬೆಳಿಗ್ಗೆ ಊರಿನ ಕಡೆಗೆ, ಸಂಜೆ ಮನೆಯ ಕಡೆಗೆ ಒಂದರ ಹಿಂದೊಂದು ಓಡುತ್ತವೆ. ಮಿಕ್ಕ ಹೊತ್ತಿನಲ್ಲಿ ಕಾದು ಕಾದು ಸಾಕಾಗಬೇಕು. ಸಂಜೆಯ ಕೆಲವು ಗಾಡಿಗಳಂತೂ ಸಣ್ಣ ನಿಲ್ದಾಣಗಳ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮ ಮೆನ್ಲೋ ಪಾರ್ಕಿನಲ್ಲಿ ನಿಲ್ಲುವ ಗಾಡಿ ಆ ದಿನ ನನ್ನಿಂದಲೇ ತಪ್ಪಿತು. ಸಮುದ್ರ ನೋಡಿ ಬರುವಾಗ ಒಂದು ಹಳೆಯ ಪುಸ್ತಕದಂಗಡಿ ಕಂಡಿತು. ಒಳಗೆ ಹೋದವಳು ಹೊರಗೆ ಬರಲಿಲ್ಲ. ನಾವು ಓಡಿಕೊಂಡು ಹೋಗಿ ಸಿಕ್ಕ ಗಾಡಿ ಹತ್ತಿದೆವು. ಅದು ನಮ್ಮಲ್ಲಿ ನಿಲ್ಲುವುದಿಲ್ಲ, ಮುಂದಿನ ಪಾಲೋ ಆಲ್ಟೋದಲ್ಲಿ ಇಳಿದು ಪದ್ಮಜಳಿಗೆ ಫೋನು ಮಾಡೋಣ ಎಂದು ಅಳಿಯಂದಿರು ಹೇಳಿದರಂತೆ. ಆ ಗದ್ದಲದಲ್ಲಿ ನನ್ನ ಕಿವಿಗೆ ಅದು ಬೀಳಲೇ ಇಲ್ಲ.

ಆ ಡಬ್ಬಿಯೊಳಗೆ ಅಟ್ಟದ ಹಾಗೆ ಮೇಲೊಂದು ಸಾಲು ಆಸನಗಳಿವೆ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕು. ಕೆಳಗೆ ಬಾಗಿಲ ಹತ್ತಿರ ಒಂದೇ ಜಾಗವಿತ್ತು. ನನ್ನನ್ನು ಅಲ್ಲಿ ಕೂರಿಸಿ ಅವರು ಮೇಲೆ ಹೋದರು, ಹೋದವರು ತಲೆ ವಾಲಿಸಿ ನಿದ್ದೆ ಮಾಡಿಬಿಟ್ಟರು. ನಾನು ಕಿಟಕಿಯಿಂದ ಊರುಗಳ ಹೆಸರು ಓದುತ್ತಾ ಕುಳಿತಿದ್ದೆ. ನಮ್ಮ ಊರು ಬಂತು. ಪ್ಲಾಟ್‌ಫಾರಂ ಮೇಲೆ ಪದ್ಮಜ ನಿಂತಿದ್ದಳು. ಬಾಣಂತಿ, ಆ ಚಳಿಗಾಳಿಯಲ್ಲಿ ತಲೆಗೆ ಬಟ್ಟೆಯನ್ನೂ ಕಟ್ಟದೆ ಕೂಸನ್ನು ಎದೆಗೆ ಅವಚಿಕೊಂಡು ನಮಗಾಗಿ ಕಾಯುತ್ತಿದ್ದಳು. ಗಾಡಿ ನಿಧಾನವಾಗಲೇ ಇಲ್ಲ. ಅವಳ ಮುಖ ಕಿಟಕಿಯಲ್ಲಿ ಬಂದು ಹಿಂದಕ್ಕೆ ಹೋಯಿತು. ಡ್ರೈವರಿಗೆ ಏನೋ ಆಗಿದೆ, ನಿಲ್ಲಿಸುವುದನ್ನೇ ಮರೆತಿದ್ದಾನೆ ಎಂದುಕೊಂಡೆ. ಬಾಗಿಲ ಪಕ್ಕದಲ್ಲಿ ಕೆಂಪು ಹಿಡಿ ಇತ್ತು. ನಮ್ಮ ರೈಲಿನಲ್ಲಿ ಸರಪಳಿ ಎಳೆದ ಹಾಗೆ ಎದ್ದು ಎಳೆದುಬಿಟ್ಟೆ.

ಇಡೀ ಗಾಡಿ ಕಿರುಚಿಕೊಂಡು ನಿಂತಿತು. ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು, ಯಾರದೋ ಕಾಫಿ ಯಾರದೋ ಕೋಟಿನ ಮೇಲೆ ಚೆಲ್ಲಿತು. ಮುಂದಿನ ನಿಲ್ದಾಣದಲ್ಲಿ ಇಳಿಯಲೆಂದು ಮೇಲಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಕೊನೆಯ ಮೆಟ್ಟಿಲುಗಳಿಂದ ಜಾರಿ ಕೈಯೂರಿ ಬಿದ್ದಳು. ನನ್ನ ವಯಸ್ಸಿನವಳು, ತಲೆ ಪೂರ್ತಿ ಬೆಳ್ಳಗಾಗಿದೆ. ಮಣಿಕಟ್ಟು ಹಿಡಿದುಕೊಂಡು ಕುಳಿತವಳ ಮುಖ ಬಿಳಿಚಿಕೊಂಡಿತು. ಇನ್ನೊಬ್ಬ ಹುಡುಗಿ, ಡೇಕೇರು ಮುಚ್ಚುವ ಹೊತ್ತಾಯಿತು, ನನ್ನ ಮಗು ಬಾಗಿಲಲ್ಲಿ ನಿಂತಿರುತ್ತದೆ ಎಂದು ಅಳತೊಡಗಿದಳು. ಆಗ ನನಗೆ ನಾನು ಮಾಡಿದ್ದೇನು ಎಂದು ಗೊತ್ತಾಯಿತು. ಕಂಡಕ್ಟರ್ ಬಂದ, ನನ್ನ ಹತ್ತಿರ ನಿಂತು ಏನೋ ಕೇಳಿದ. ಅಷ್ಟರಲ್ಲಿ ಅಳಿಯಂದಿರು ಇಳಿದು ಬಂದರು. ಇವರು ನನ್ನ ಅತ್ತೆ, ಇವರಿಗೆ ಇಂಗ್ಲಿಷ್ ಬರುವುದಿಲ್ಲ, ಹಳ್ಳಿಯವರು, ರೈಲು ಹತ್ತಿ ಅಭ್ಯಾಸವಿಲ್ಲ, ಹೆದರಿಕೊಂಡಿದ್ದಾರೆ ಎಂದರು.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಕ್ಷಮೆ ಕೇಳುವುದು ಹೇಗೆ ಎಂದು ಎಷ್ಟು ಹುಡುಗಿಯರ ಬಾಯಲ್ಲಿ ಹೇಳಿಸಿಲ್ಲ. ಆ ಒಂದು ವಾಕ್ಯ ನನ್ನ ಬಾಯಿಗೆ ಬರಲಿಲ್ಲ. ಸೀರೆಯ ಸೆರಗನ್ನು ಹೊದ್ದುಕೊಂಡು ತಲೆ ತಗ್ಗಿಸಿ ನಿಂತೆ. ಎಲ್ಲರೂ ತಕ್ಷಣ ನಂಬಿದರು. ಯಾರಿಗೂ ಅನುಮಾನವೇ ಬರಲಿಲ್ಲ. ಕಂಡಕ್ಟರ್ ಗದರಲಿಲ್ಲ, ಕಿವುಡರಿಗೆ ಹೇಳುವಂತೆ ದೊಡ್ಡ ದನಿಯಲ್ಲಿ ಒಂದೊಂದೇ ಪದ ಬಿಡಿಸಿ, ಕೆಂಪು ಹಿಡಿ ತೋರಿಸಿ ಬೆರಳಾಡಿಸಿದ. ಇಂಥವರನ್ನು ಒಂಟಿಯಾಗಿ ಕೂರಿಸಬಾರದು ಎಂದು ಹಿಂದೆ ಯಾರೋ ಅಂದದ್ದು ಕೇಳಿಸಿತು. ಎಲ್ಲಕ್ಕಿಂತ ಕೆಟ್ಟದ್ದು, ಆ ಬಿದ್ದ ಹೆಂಗಸು ಎದ್ದು ನನ್ನ ಬಳಿಗೇ ಬಂದಳು. ನೋವಿಲ್ಲದ ಕೈಯಿಂದ ನನ್ನ ಕೈ ಹಿಡಿದು, “ಭಯ ಬೇಡ. ನೀನು ಒಳ್ಳೆಯವಳು. ಎಲ್ಲ ಸರಿಹೋಗುತ್ತೆ” ಎಂದು ಮಗುವಿಗೆ ಹೇಳುವ ಹಾಗೆ ಸಣ್ಣ ಸಣ್ಣ ಮಾತುಗಳಲ್ಲಿ ಹೇಳಿದಳು. ನಾನು ಅರ್ಥವಾಗದವಳ ಹಾಗೆ ಅವಳ ಮುಖ ನೋಡಿದೆ. ನಿಮಗೆ ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನಗೆ ನಾಚಿಕೆಗಿಂತ ಮೊದಲು ಆದದ್ದು ಸಮಾಧಾನ. ಪಾರಾದೆ ಎಂಬ ಸಮಾಧಾನ. ನಾಚಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ.

ಮನೆಗೆ ಬಂದು ನಾನು ಹೇಳಿದಾಗ ಪದ್ಮಜ ಮೊದಲು ನಕ್ಕಳು. ಇಂಗ್ಲಿಷ್ ಬರುವುದಿಲ್ಲವೆಂದು ಅಳಿಯಂದಿರು ಹೇಳಿದ ಮಾತು ಬಂದಾಗ ಅವಳ ನಗು ನಿಂತಿತು. ಗಂಡನ ಕಡೆ ತಿರುಗಿ, “ನಮ್ಮಮ್ಮನ್ನ ಅಷ್ಟು ಜನರ ಮುಂದೆ ಹಳ್ಳಿಗುಗ್ಗು ಮಾಡಿದ್ರಾ? ನಿಮಗೆ ನಾಚಿಕೆ ಆಗಿದ್ದು ಅವರ ಸೀರೆ ನೋಡಿ ಅಲ್ವಾ?” ಎಂದಳು. ಅಳಿಯಂದಿರು ನನ್ನ ಕಡೆ ಒಮ್ಮೆ ನೋಡಿ ಕೈಕಾಲು ತೊಳೆಯಲು ಹೋದರು. ಅಂದಿನಿಂದ ಗಂಡಹೆಂಡಿರಲ್ಲಿ ಮಾತಿಲ್ಲ. ಅವರು ಹಾಲಿನಲ್ಲಿ ಸೋಫಾ ಮೇಲೆ ಮಲಗುತ್ತಾರೆ. ಬೆಳಿಗ್ಗೆ ನಾನು ಕಾಫಿ ಕೊಟ್ಟರೆ ಎಂದಿನಂತೆ, “ಅತ್ತೆ, ನೀವ್ಯಾಕೆ ಇಷ್ಟು ಬೇಗ ಎದ್ರಿ?” ಎನ್ನುತ್ತಾರೆ.

ತಡೆಯಲಾಗದೆ ಈ ಸೋಮವಾರದಿಂದ ಸಂಜೆ ವಾಕಿಂಗಿಗೆ ಎಂದು ಹೇಳಿ ಬಸ್ಸು ಹತ್ತಿ ಪಾಲೋ ಆಲ್ಟೋ ನಿಲ್ದಾಣಕ್ಕೆ ಹೋಗತೊಡಗಿದೆ. ಆ ಹೆಂಗಸು ಇಳಿಯಲು ಎದ್ದದ್ದು ಅಲ್ಲಿಗೇ ಅಲ್ಲವೆ. ಎರಡು ಸಂಜೆ ಅಷ್ಟು ಜನ ಇಳಿದರೂ ಅವಳು ಕಾಣಲಿಲ್ಲ. ಮೂರನೆಯ ಸಂಜೆ ಕಂಡಳು. ಕೈಗೆ ಬ್ಯಾಂಡೇಜು ಸುತ್ತಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು. ನನ್ನನ್ನು ಗುರುತಿಸಿ ದೂರದಿಂದಲೇ ನಕ್ಕು ಒಳ್ಳೆಯ ಕೈಯೆತ್ತಿ ಆಡಿಸಿದಳು. ಹತ್ತಿರ ಹೋಗಿ ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅಂದು ಹಿಡಿ ಎಳೆದದ್ದು ನಾನು, ನಿಮ್ಮ ಕೈಗೆ ಪೆಟ್ಟಾದದ್ದು ನನ್ನಿಂದ, ನಿಮ್ಮ ಮಾತೆಲ್ಲ ನನಗೆ ಅರ್ಥವಾಗಿತ್ತು, ನಾನು ಇಂಗ್ಲಿಷ್ ಟೀಚರ್ ಆಗಿದ್ದವಳು, ಅಳಿಯಂದಿರು ಗಾಬರಿಯಲ್ಲಿ ಹಾಗಂದುಬಿಟ್ಟರು, ನಾನು ಸುಮ್ಮನಿದ್ದದ್ದು ತಪ್ಪು, ಕ್ಷಮಿಸಬೇಕು ಎಂದು. ಒಂದು ತಡವರಿಕೆಯೂ ಇಲ್ಲದೆ ಹೇಳಿದೆ.

ಅವಳ ನಗು ಮಾಯವಾಯಿತು. ಕೈಯ ವಿಷಯ ಎತ್ತಲೇ ಇಲ್ಲ. “ನಾನು ನಿಮ್ಮ ಕೈ ಹಿಡಿದು ಅಷ್ಟೆಲ್ಲ ಹೇಳುತ್ತಿದ್ದಾಗ ನಿಮಗೆ ಒಳಗೊಳಗೇ ನಗು ಬಂದಿತೇ?” ಎಂದು ಕೇಳಿದಳು. ಇಲ್ಲ, ಖಂಡಿತ ಇಲ್ಲ ಎಂದೆ. ಮನೆಗೆ ಹೋಗಿ ತಂಗಿಗೆ ನನ್ನ ವಿಷಯ ಹೇಳಿದಳಂತೆ, ಪಾಪ, ಒಂದು ಮಾತೂ ತಿಳಿಯದ ದೇಶದಲ್ಲಿ ಆ ಹೆಂಗಸಿಗೆ ಹೇಗಾಗಿರಬೇಕು ಎಂದು ಇಬ್ಬರೂ ಮರುಗಿದರಂತೆ. ಟೈಪಿಸ್ಟ್ ಕೆಲಸ ಅವಳದು. ಕೈ ನೆಟ್ಟಗಾಗುವವರೆಗೆ ಫೈಲು ಜೋಡಿಸುವ ಕೆಲಸಕ್ಕೆ ಹಾಕಿದ್ದಾರಂತೆ. ಅದನ್ನೂ ದೂರಿನಂತೆ ಹೇಳಲಿಲ್ಲ. ಮತ್ತೆ ನನ್ನ ಮುಖ ನೋಡಿ, “ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ” ಎಂದು ಹೇಳಿ ಹೊರಟುಹೋದಳು. ಇಂಗ್ಲಿಷ್ ಮಾತೃಭಾಷೆಯಾದವರ ಬಾಯಿಂದ ಒಮ್ಮೆಯಾದರೂ ಆ ಮಾತು ಕೇಳಬೇಕೆಂದು ನಾನು ಎಷ್ಟು ವರ್ಷ ಆಸೆಪಟ್ಟಿದ್ದೆ ಎಂಬುದು ನಿಮಗೆ ಗೊತ್ತು. ಪ್ಲಾಟ್‌ಫಾರಂ ಖಾಲಿಯಾಗುವವರೆಗೆ ಅಲ್ಲೇ ನಿಂತಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಪಕ್ಕದವರು ಟೈಮು ಕೇಳಿದರೆ ಗಡಿಯಾರ ತೋರಿಸಿದೆ, ಬಾಯಿ ಬಿಡಲು ಧೈರ್ಯವಾಗಲಿಲ್ಲ.

ನೀವು ಇದನ್ನು ಓದಿ ನನಗೆ ಬುದ್ಧಿ ಹೇಳಿ ಬರೆಯಿರಿ, ಸಮಾಧಾನ ಮಾತ್ರ ಬೇಡ. ಪಕ್ಕದ ಮನೆಯ ಇಂದುವಿನ ಮಗುವಿಗೆ ನನ್ನ ಆಶೀರ್ವಾದ. ನಿಮ್ಮ ಅಣ್ಣ ಅತ್ತಿಗೆಯರಿಗೆ ನಮಸ್ಕಾರ ತಿಳಿಸಿ, ರೈಲಿನ ಸಂಗತಿ ತಿಳಿಸಬೇಡಿ. ಮಂಡಿಗೆ ಎಣ್ಣೆ ಬಿಸಿಮಾಡಿ ಹಚ್ಚಿಕೊಳ್ಳಿ. ಕೂಸು ಕಾಲಾಡಿಸುತ್ತಾ ಮಲಗಿದೆ, ಅದರ ಪರವಾಗಿಯೂ ತಾತನಿಗೆ ನಮಸ್ಕಾರ.

ಇಂತು,
ಸತ್ಯವತಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಆ ಹೆಂಗಸು ಹೇಳಿದ ಒಂದು ಮಾತನ್ನು ಮೇಲೆ ಬರೆಯಲಿಲ್ಲ. ಅಳಿಯಂದಿರು ಹಾಗಂದುಬಿಟ್ಟರು ಎಂದು ನಾನು ಹೇಳಿದಾಗ ಅವಳು, “ಆತ ಆಗಿನ್ನೂ ಮೆಟ್ಟಿಲ ಮೇಲಿದ್ದ. ನಿಮಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕಂಡಕ್ಟರ್ ಕೇಳಿದಾಗ ಇಲ್ಲವೆಂದು ತಲೆಯಾಡಿಸಿದ್ದು ನೀವು. ನಾನು ಅಲ್ಲೇ ಕುಳಿತಿದ್ದೆ” ಎಂದಳು. ಅದು ನಿಜ. ಮೊದಲ ಸುಳ್ಳು ನನ್ನದು. ಅಳಿಯಂದಿರು ಅದನ್ನು ಕಂಡು, ನನ್ನ ಮಾನ ಉಳಿಯಲೆಂದು ಉಳಿದದ್ದನ್ನು ಸೇರಿಸಿದರು. ಇಷ್ಟು ದಿನವಾದರೂ ಪದ್ಮಜಳಿಗೆ ಒಂದು ಮಾತೂ ಹೇಳಿಲ್ಲ, ಬೈಸಿಕೊಂಡು ಸೋಫಾ ಮೇಲೆ ಮಲಗುತ್ತಿದ್ದಾರೆ. ನಾನು ನೋಡುತ್ತಾ ಇದ್ದೇನೆ. ನಿಮಗೆ ಬರೆಯುವಾಗಲೂ ಅವರ ಮೇಲೆಯೇ ಹಾಕಿದೆ. ಅವರು ಗ್ರೋಸರಿಗೆ ಹೋಗಿದ್ದಾರೆ. ಬಂದ ಕೂಡಲೇ ಪದ್ಮಜಳನ್ನು ಕರೆದು ಇಬ್ಬರ ಎದುರಿಗೂ ಹೇಳುತ್ತೇನೆ. ಕಾರು ಬಂದ ಸದ್ದಾಯಿತು.