ಹತ್ತು ದಿನದ ಸೂತಕ

ಲಿಂಗಂಪಲ್ಲಿ
3 ಅಕ್ಟೋಬರ್ 1976

ಜಯತೀರ್ಥ ಅವರಿಗೆ,

ನಮಸ್ಕಾರ ಎಂದು ಬರೆಯಲು ಮನಸ್ಸಿರಲಿಲ್ಲ. ಹಾಗೇ ಬಿಡಲು ಅಭ್ಯಾಸ ಬಿಡಲಿಲ್ಲ. ಇದೊಂದು ನಮಸ್ಕಾರ ತೆಗೆದುಕೊಳ್ಳಿ.

ನಿಮ್ಮ ಕಾಗದ ನಿನ್ನೆ ಮುಟ್ಟಿತು. ಮೊನ್ನೆಯಷ್ಟೇ ನಿಮ್ಮ ತಾಯಿಯ ವೈಕುಂಠ ಸಮಾರಾಧನೆ ಮುಗಿದಿತ್ತು. ಅತ್ತೆಯವರ ಇದ್ದ ಒಂದೇ ಫೋಟೋ ನಿಮಗೆ ಬೇಕಂತೆ. ಅದನ್ನು ನಿಮ್ಮ ಕೋಣೆಯಲ್ಲಿ ಮಾವೋನ ಚಿತ್ರದ ಕೆಳಗೆ ಹಾಕಿ, ರವಿವಾರ ಸಂಗಾತಿಗಳೆಲ್ಲ ಸಾಲಾಗಿ ನಿಂತು ಮೂರು ಸಲ ತಲೆ ಬಾಗಿಸುವಿರಂತೆ. ‘ಕ್ರಾಂತಿಕಾರಿಯ ತಾಯಿ’ ಎಂದು ನೀವು ಭಾಷಣ ಮಾಡುವಿರಂತೆ.

ಫೋಟೋ ಕೊಡುವುದಿಲ್ಲ.

ಎರಡು ವರ್ಷದ ಹಿಂದೆ ನೀವು ಮನೆ ಬಿಟ್ಟು ಆ ಕೋಣೆ ಸೇರಿದಾಗ ನಾನು ಅಳಲಿಲ್ಲ. ಬಡವರ ಸಲುವಾಗಿ ಹೋಗುತ್ತಿದ್ದೀರಿ ಎಂದು ನಂಬಿದ್ದೆ. ಅತ್ತೆಯವರಿಗೂ ಹಾಗೆಯೇ ಹೇಳಿ ನಂಬಿಸಿದ್ದೆ. ಈಗ ನನ್ನ ನಂಬಿಕೆಯ ಮೇಲೆಯೇ ನನಗೆ ಅಸಹ್ಯ.

ಸೆಪ್ಟೆಂಬರ್ ಹನ್ನೆರಡರಂದು ನಾನು ಮೆಹದಿಪಟ್ಟಣದ ನಿಮ್ಮ ಕೋಣೆಗೆ ಬಂದದ್ದು ನಿಮಗೆ ನೆನಪಿರಬೇಕು. ಎಮರ್ಜೆನ್ಸಿ ಭಯಕ್ಕೆ ಕಿಟಕಿಗೆ ಚಾದರ ಕಟ್ಟಿದ್ದಿರಿ. ಒಳಗೆ ಸ್ಟೂಲಿನ ಮೇಲೆ ಆ ಚಿತ್ರ, ಅದಕ್ಕೆ ಚೆಂಡುಹೂವಿನ ಹಾರ, ಮುಂದೆ ಎಣ್ಣೆ ದೀಪ. ಮಾವೋ ಸತ್ತು ಮೂರು ದಿನವಾಗಿತ್ತು. ನೀವು ಗಡ್ಡ ಬೋಳಿಸಿರಲಿಲ್ಲ, ತಲೆಗೆ ಎಣ್ಣೆ ಹಚ್ಚಿರಲಿಲ್ಲ, ಚಾಪೆಯ ಮೇಲೆ ಕುಳಿತು ಒಗ್ಗರಣೆಯಿಲ್ಲದ ಬೇಳೆ ಉಣ್ಣುತ್ತಿದ್ದಿರಿ. ಹತ್ತು ದಿನ ಹೀಗೆಯೇ, ಶೋಕಕ್ಕೂ ಶಿಸ್ತು ಬೇಕು ಎಂದು ನಿಮ್ಮ ಸಂಗಾತಿಯೊಬ್ಬರು ತಿಳಿಸಿ ಹೇಳಿದರು. ಅದು ಚೀನಾದ ಶಿಸ್ತಲ್ಲ, ನಮ್ಮ ಮನೆಯ ಸೂತಕ. ನಿಮ್ಮ ತಂದೆಯ ಶ್ರಾದ್ಧ ಮೂಢನಂಬಿಕೆ ಎಂದು ನಾಲ್ಕು ವರ್ಷ ಎಳ್ಳು ನೀರು ಬಿಡದವರು ನೀವು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಅತ್ತೆಗೆ ಉಸಿರು ಮೇಲಾಗಿದೆ, ಈಗಲೇ ಬನ್ನಿ ಎಂದೆ. ನೀವು ನನ್ನ ಮುಖವನ್ನೂ ನೋಡಲಿಲ್ಲ. “ಹತ್ತು ದಿನ ಇಲ್ಲಿಂದ ಏಳಂಗಿಲ್ಲ ಅಂತ ಎಲ್ಲಾರೂ ಕೂಡಿ ಗೊತ್ತು ಮಾಡೇವಿ. ಸಂಜೀತನಕಾ ನನ್ನ ಪಾಳಿ ಅದ, ದೀಪ ಆರಬಾರದು” ಎಂದಿರಿ. ತಾಯಿ ಆಸ್ಪತ್ರೆಯಲ್ಲಿದ್ದಾಗ ಸಿಗದ ಕಾಲೇಜಿನ ರಜೆ, ಯಾವತ್ತೂ ಕಾಣದ ಒಬ್ಬ ಮನುಷ್ಯನಿಗಾಗಿ ಹತ್ತು ದಿನ ಸಿಕ್ಕಿತ್ತು.

ಸೂತಕ ಕಳೆದ ಮೇಲಾದರೂ ಬಂದಿರಾ? ಹನ್ನೊಂದನೆಯ ದಿನ ವರಂಗಲ್ಲಿನ ಶೋಕಸಭೆಗೆ ಹೋದಿರಿ. ಅವತ್ತೇ ಸಂಜೆ ಅತ್ತೆ ಹೋದರು. ಪಕ್ಕದ ಮನೆಯ ನರಹರಿ ನಿಮ್ಮನ್ನು ಹುಡುಕಿಕೊಂಡು ಬಂದರೆ ಕೋಣೆಗೆ ಬೀಗ. ಕೊನೆಗೆ ಕೊಳ್ಳಿ ಇಟ್ಟವನೂ ಅವನೇ. ಇಡೀ ದಿನ ಫ್ಯಾಕ್ಟರಿಯಲ್ಲಿ ದುಡಿಯುವ ಅವನು ಹದಿಮೂರು ದಿನ ನಿಮ್ಮ ತಾಯಿಗೆ ಮಗನಾದ. ಅವನಿಗೆ ಯಾವ ದೇಶದ ಅಧ್ಯಕ್ಷರ ಹೆಸರೂ ಗೊತ್ತಿಲ್ಲ.

ಅತ್ತೆಯವರು ಏನಾದರೂ ಹೇಳಿದರೇ ಎಂದು ಕಾಗದದ ಕೊನೆಗೆ ಕೇಳಿದ್ದೀರಿ. ಏನೂ ಹೇಳಲಿಲ್ಲ. ನಿಮ್ಮ ಹೆಸರೂ ಎತ್ತಲಿಲ್ಲ.

ಇದನ್ನು ಅಂಚೆಗೆ ಹಾಕುವ ಕಾಲವಲ್ಲ, ನರಹರಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಚಹಾ ಕೊಡಿ. ಚಿತ್ರದ ಮುಂದೆ ನಿಲ್ಲಿಸಬೇಡಿ.

ನಲಿನಿ

ತಾ.ಕ.: ಹೆಸರೆತ್ತಲಿಲ್ಲ ಎಂದು ಬರೆದದ್ದು ಸುಳ್ಳು. ಅಂದು ನಾನೊಬ್ಬಳೇ ಮರಳಿದಾಗ ಅತ್ತೆ ಮೊದಲು ಕೇಳಿದ್ದೇ ನಿಮ್ಮನ್ನು. ನಡೆದದ್ದನ್ನು ಹೇಳಲು ನಾಚಿಕೆಯಾಯಿತು. ಅವರ ಗುರುಗಳು ಮೂರು ದಿನದ ಹಿಂದೆ ತೀರಿಕೊಂಡಿದ್ದಾರೆ, ಹತ್ತು ದಿನ ಸೂತಕ ಎಂದುಬಿಟ್ಟೆ. “ತಂದಿ ಸಮಾನ ಇದ್ದಿರಬೇಕು. ಹಂಗಿದ್ರ ನಡುವ ಎದ್ದು ಬರಬಾರದವಾ, ಕರೀಬ್ಯಾಡ ಅವನ್ನ” ಎಂದರು. ನಿಮ್ಮನ್ನು ಎಳೆದುಕೊಂಡೇ ಬರುತ್ತೇನೆಂದು ಹೊರಟ ನರಹರಿಯನ್ನು ತಡೆದವರೂ ಅವರೇ. ನಾನು ಸುಮ್ಮನಿದ್ದೆ. ದಿನಾ ಬೆರಳು ಮಡಚಿ ಎಣಿಸಿದರು. ಹನ್ನೊಂದನೆಯ ದಿನ ಬೆಳಿಗ್ಗೆ, “ಇವತ್ತ ಶುದ್ಧ ಆಗ್ಯಾನ, ಬಂದಕೂಡ್ಲೆ ಎರಕೊಳ್ಳಲಿ, ನೀರು ಕಾಸಿಡು” ಎಂದರು. ಸಂಜೆಯೊಳಗೆ ಆ ಹಂಡೆಯ ನೀರನ್ನು ಮೂರು ಸಲ ಕಾಯಿಸಿದೆ. ಕೊನೆಗೆ ಅದೇ ನೀರಿನಲ್ಲಿ ಅವರಿಗೆ ಸ್ನಾನ ಮಾಡಿಸಿದೆವು.