ಗಂಟೆ ಬಾರಿಸುವವರೆಗೆ

ಶನಿವಾರ, ನವೆಂಬರ್ 15

ಆ ಹೆಂಗಸು ನಮ್ಮತ್ತ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಲಂಡನ್ನಿನ ಕಿಂಗ್ಸ್‌ಬರಿ ಟ್ಯೂಬ್ ಸ್ಟೇಷನ್ನಿನ ಎದುರು ಎಂದಿನಂತೆ ನಮ್ಮ ಶನಿವಾರದ ಮೌನ. ಒಂಬತ್ತು ಜನ, ಕೈಯಲ್ಲಿ ಶಾಂತಿಯ ಫಲಕಗಳು, ಹನ್ನೆರಡರಿಂದ ಒಂದರವರೆಗೆ ಮಾತಿಲ್ಲ. ಯಾರು ಏನೇ ಅಂದರೂ ಬಾಯಿ ತೆರೆಯಬಾರದೆಂಬ ನಿಯಮ ಬರೆದವಳು ನಾನೇ. ಮೊದಲ ವರ್ಷ ಜನ ನಮ್ಮನ್ನು ಬೈಯುತ್ತಿದ್ದರು. ಆಗ ಅದೇ ನಮ್ಮನ್ನು ಕಾಪಾಡಿತ್ತು.

ಇಂದು ಬೈಸಿಕೊಂಡವರು ನಾವಲ್ಲ. ಪಕ್ಕದ ಬಸ್ ಸ್ಟಾಪಿನಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿದ್ದ ಹೆಂಗಸಿಗೆ ಒಬ್ಬ ಗಂಡಸು ನಿನ್ನ ದೇಶಕ್ಕೆ ಹೋಗು ಎಂದು ಅರಚಿದ, ಅವಳ ಚೀಲಕ್ಕೆ ಒದ್ದ. ಕಿತ್ತಳೆ ಹಣ್ಣುಗಳು ನನ್ನ ಕಾಲಿನವರೆಗೂ ಉರುಳಿ ಬಂದವು. ಅವಳು ನನ್ನ ಫಲಕ ಓದಿದಳು, ಮುಖ ನೋಡಿದಳು. ನಾವು ನಿಂತೇ ಇದ್ದೆವು. ಅವಳು ಬಸ್ ಹತ್ತಿದಳು.

ಒಂದಕ್ಕೆ ನಮ್ಮ ಗುಂಪಿನ ವಿಜಯಪುರದ ಜಗದೇವಪ್ಪ ಮೌನ ಮುಗಿಯಿತೆಂದು ಗಂಟೆ ಬಾರಿಸಿದರು. ಆಮೇಲೆ ಎಲ್ಲರಿಗೂ ಬಾಯಿ ಬಂತು! ಸುಮ್ಮನೆ ನಿಂತದ್ದು ತಪ್ಪಲ್ಲವೇ ಎಂದು ನಾನು ಸಿಡುಕಿದರೆ, “ನಾವೇನ್ ಮಾಡೂದಿತ್ರಿ ಅಕ್ಕಾರ? ನೇಮ ಅಂದ್ರ ನೇಮ” ಎಂದರು ಜಗದೇವಪ್ಪ.

ಊಟದ ಹೊತ್ತಿಗೆ ಮಗಳು ತನ್ಮಯಿ ಕೇಳಿದ್ದು ಒಂದೇ: “ಯೂ ಜಸ್ಟ್ ಸ್ಟುಡ್ ದೇರ್, ಅಮ್ಮಾ?”

ನಿಯಮ ತಿದ್ದೋಣವೆಂದು ಈಗ ಹಾಳೆ ತೆಗೆದಿದ್ದೇನೆ. ಒಂದು ಸಾಲು ಸೇರಿಸಿದರೆ ಸಾಕು. ಆದರೆ ಪೆನ್ನು ಮುಂದೆ ಹೋಗುತ್ತಿಲ್ಲ. ಅವನು ಒದ್ದಾಗ ನನಗೆ ಯಾವ ನಿಯಮವೂ ನೆನಪಾಗಲಿಲ್ಲ. ಹೆದರಿದ್ದೆ, ಅಷ್ಟೇ. ನಿಯಮ ನೆನಪಾದದ್ದು ಬಸ್ಸು ಹೊರಟುಹೋದ ಮೇಲೆ.